ಹಪ್ಪಳದ ವಾಸನೆಯ ಕೋವಿ

ನಮ್ಮ ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು, ಲೈಸೆನ್ಸ್ ಸಮೇತ. ಅದು ತೋಟದಲ್ಲಿ ಸದ್ದು ಮಾಡಿದ್ದಕ್ಕಿಂತ ಠಾಣೆಗೆ ಹೋಗಿ ಬಂದದ್ದೇ ಜಾಸ್ತಿ. ಚುನಾವಣೆ ಬಂತೆಂದರೆ ಕೋವಿ ಒಪ್ಪಿಸಬೇಕು, ಮುಗಿದ ಮೇಲೆ ತರಬೇಕು. ಅಜ್ಜ ಹೋದ ಮೇಲೆ ಅಪ್ಪ ಅದನ್ನು ಪೂರ್ತಿಯಾಗಿ ಒಪ್ಪಿಸಿ ಕೈ ತೊಳೆದುಕೊಂಡರು.

ಆಮೇಲೆ ಕಾಸರಗೋಡಿನ ಬದಿಯಡ್ಕದ ಈಚೆಗಿನ ನಮ್ಮ ತೋಟಕ್ಕೆ ಮಂಗಗಳು ಬಂದವು. ಎಳನೀರಿನ ಬೊಂಡ ಒಂದೂ ಉಳಿಯಲಿಲ್ಲ. ನಾನು ಮಂಗಳೂರಿಗೆ ಹೋಗಿ ಒಂದು ಏರ್‌ಗನ್ ತಂದೆ. ಬೋರ್, ಅಂದರೆ ನಳಿಗೆಯ ಒಳ ಅಗಲ, 0.177 ಇಂಚು ದಾಟದೆ, ಗುಂಡಿನ ಶಕ್ತಿ 20 ಜೂಲ್ ಮೀರದಿದ್ದರೆ 2016ರ ನಿಯಮದಂತೆ ಅದಕ್ಕೆ ಲೈಸೆನ್ಸ್ ಬೇಡ. ಹಾಗಂತ ಮಂಗನಿಗೆ ಹೊಡೆಯುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ನನಗೆ ಮನಸ್ಸೂ ಇಲ್ಲ. ತೋಟದ ಅಂಚಿನ ಬರೆಯ, ಅಂದರೆ ಕಡಿದಾದ ಮಣ್ಣಿನ ದಿಣ್ಣೆಯ, ಬುಡದಲ್ಲಿ ಒಂದು ತಗಡು ತೂಗಿಸುವುದು, ಅಂಗಳದಿಂದ ಅದಕ್ಕೆ ಹೊಡೆಯುವುದು, ಠಣ್ ಅಂದರೆ ಮಂಗ ಓಡುವುದು. ಇಷ್ಟೇ ನನ್ನ ಯೋಜನೆ.

ಠಣ್ ಅನ್ನಲಿಲ್ಲ. ಗುಂಡು ತಗಡಿನ ಬಲಕ್ಕೆ, ಎಡಕ್ಕೆ, ಮೇಲಕ್ಕೆ ಹೋಗಿ ಬರೆಯ ಮಣ್ಣಿಗೆ ಹೊಕ್ಕಿತು. ಪರೀಕ್ಷೆ ಮಾಡೋಣ ಅಂತ ಅಡಿಕೆ ಹಾಳೆಯ ಮೇಲೆ ಮಸಿಯಲ್ಲಿ ವೃತ್ತ ಬರೆದು, 20 ಮೀಟರ್ ದೂರದಿಂದ ಐದು ಗುಂಡು ಹೊಡೆದೆ. ತೂತುಗಳ ನಡುವೆ ಒಂದು ಗೆರಸೆ ಇಡಬಹುದಿತ್ತು.

ಅಮೆರಿಕದ ಮೊಂಟಾನಾದಲ್ಲಿರುವ ಭಾವನಿಗೆ ಫೋನ್ ಮಾಡಿದೆ. ಭಾವ ಮೊಟ್ಟೆಯನ್ನೂ ತಿನ್ನುವವರಲ್ಲ. ಆದರೆ ಅವರ ಹತ್ತಿರ ಬೇಟೆಯ ರೈಫಲ್ ಇದೆ. ಪ್ರತಿ ಶನಿವಾರ ಕಾಗದಕ್ಕೆ ಹೊಡೆದು, ಮನೆಗೆ ಬಂದು ಸಾರು ಅನ್ನ ಉಣ್ಣುತ್ತಾರೆ.

"ಕಾರ್ಖಾನೆಯಿಂದ ಬಂದ ಕೋವಿ ಅಂದರೆ ರೆಡಿಮೇಡ್ ಅಂಗಿ ಇದ್ದ ಹಾಗೆ ಭಾವಯ್ಯಾ. ನಮ್ಮ ಅಳತೆಗೆ ಹೊಲಿಸಿಕೊಳ್ಳಬೇಕು" ಅಂದರು. ನೂರು ಗಜಕ್ಕೆ ಒಂದು ಇಂಚಿನ ಒಳಗೆ ಗುಂಡುಗಳು ಕೂರಬೇಕಂತೆ. ನಳಿಗೆ ಕೋವಿಯ ಮರದ ಹಿಡಿಗೆ ತಾಗಬಾರದಂತೆ, ತಾಗಿದರೆ ಬಿಸಿಯಾದಾಗ ಒಂದು ಬದಿಗೆ ಒತ್ತಿ ಗುಂಡು ದಾರಿ ತಪ್ಪುತ್ತದೆ. ಅವರು ನಳಿಗೆಗೂ ಮರಕ್ಕೂ ನಡುವೆ ಡಾಲರ್ ನೋಟು ತೂರಿಸಿ ನೋಡುತ್ತಾರೆ. ನಾನು ಹತ್ತು ರೂಪಾಯಿ ತೂರಿಸಿದೆ. ಸಲೀಸಾಗಿ ಹೋಯಿತು. ಯಾಕೆಂದರೆ ನಡುವೆ ಮಡಚಿ ಗುಂಡು ತುಂಬುವ ನನ್ನ ಏರ್‌ಗನ್ನಿನ ನಳಿಗೆಯ ಕೆಳಗೆ ಮರವೇ ಇಲ್ಲ. ಆದರೂ ಮೊದಲ ಪರೀಕ್ಷೆಯಲ್ಲಿ ಪಾಸಾದ ಖುಷಿ ಸಿಕ್ಕಿತು ನೋಡಿ.

ಎರಡನೆಯದು ಎಣ್ಣೆ. "ನಳಿಗೆ ಚೊಕ್ಕ ಇಡಿ" ಅಂತ ಮಾತ್ರ ಭಾವ ಹೇಳಿದ್ದು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಗಾಳಿ ಬರುವ ತೂತಿಗೆ ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟೆ. ಕಾಸರಗೋಡಿನವನಿಗೆ ಬೇರೆ ಯಾವ ಎಣ್ಣೆ ನೆನಪಾಗಬೇಕು? ಟ್ರಿಗರ್ ಎಳೆದೆ. ಢಂ! ನಳಿಗೆಯಿಂದ ನೀಲಿ ಹೊಗೆ. ಹಟ್ಟಿಯಲ್ಲಿ ದನ ಹಗ್ಗ ಜಗ್ಗಿತು. ಒಳಗೆ ಗಾಳಿ ಒಮ್ಮೆಲೇ ಒತ್ತಿದಾಗ ಎಷ್ಟು ಬಿಸಿಯಾಗುತ್ತದೆ ಅಂದರೆ ಎಣ್ಣೆಗೆ ಬೆಂಕಿಯೇ ಹತ್ತುತ್ತದೆ. ಡೀಸೆಲ್ ಎಂಜಿನ್ ಓಡುವುದು ಹಾಗೆಯೇ. ಹೆಂಡತಿ ಅಡಿಗೆಮನೆಯಿಂದ ಹೊರಗೆ ಬಂದು ಮೂಗು ಅರಳಿಸಿದಳು.

"ಎಂತದ್ದು, ಅಂಗಳದಲ್ಲಿ ಹಪ್ಪಳ ಕರಿಯುತ್ತಿದ್ದೀರಾ?"

ಗುಂಡು ಎಲ್ಲಿ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ.

ಮೂರನೆಯದು ಬೆಡ್ಡಿಂಗ್. ಲೋಹದ ಭಾಗ ಮರದ ಹಿಡಿಯಲ್ಲಿ ಅಲುಗದೆ ಕೂರಬೇಕು, ಸಂದಿಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ತುಂಬಿ ಅಚ್ಚು ತೆಗೆದ ಹಾಗೆ ಕೂರಿಸುತ್ತಾರೆ ಅಂತ ಭಾವ ಅರ್ಧ ಗಂಟೆ ವಿವರಿಸಿದರು. ನಮ್ಮಲ್ಲಿ ಪಂಪಿನ ಪೈಪ್ ಸೋರುವಾಗ ತಂದ ಎಂ-ಸೀಲ್ ಉಳಿದಿತ್ತು. ಕಲಸಿ, ಸಂದಿಗೆಲ್ಲ ಮೆತ್ತಿ, ಕೋವಿ ಕೂರಿಸಿ ಮಲಗಿದೆ. ಬೆಳಿಗ್ಗೆ ಟ್ರಿಗರ್ ಎಳೆದರೆ ಅಲುಗುವುದಿಲ್ಲ. ಸ್ಕ್ರೂ ತೆಗೆದರೂ ಮರ ಬಿಡುವುದಿಲ್ಲ. ಫೋಟೋ ಕಳಿಸಿದೆ. ಭಾವನಿಂದ ಉತ್ತರ ಬಂತು: "ಅಂಟಿಕೊಳ್ಳದ ಹಾಗೆ ಮೊದಲು ಲೋಹಕ್ಕೆ ಬೂಟ್ ಪಾಲಿಶ್ ಹಚ್ಚಿದ್ದೀರಿ, ಅಲ್ವಾ?"

ತೋಟದ ಕೆಲಸಕ್ಕೆ ಬರುವವನು ಕೋವಿಯನ್ನು ತಿರುಗಿಸಿ ನೋಡಿ, "ಇದರಲ್ಲಿ ಹೊಡೆಯುವುದಕ್ಕಿಂತ ಇದನ್ನೇ ಎಸೆದರೆ ಮಂಗ ಓಡೀತು ಅಣ್ಣೇರೇ" ಅಂದ. ಅವನ ಮಾತು ಕೇಳಬೇಕಿತ್ತು. ಉಳಿ, ಸುತ್ತಿಗೆ ಹಿಡಿದು ಕೂತೆ. ಎರಡು ದಿನ ಕೆತ್ತಿದೆ. ಕೊನೆಯ ತುಂಡು ಎದ್ದು ಬಂದ ಖುಷಿಯಲ್ಲಿ ಇನ್ನೊಂದು ಏಟು ಕೊಟ್ಟೆ. ಉಳಿ ಜಾರಿತು, ಸುತ್ತಿಗೆ ನನ್ನ ಎಡಗೈಗೆ ಬಿತ್ತು. ಅಂಗೈ ಊದಿ ಬನ್ಸ್‌ನ ಹಾಗಾಯಿತು. ಹೆಂಡತಿ ಹಳೆಯ ಪಂಚೆ ಹರಿದು, ಬೈಯುತ್ತಲೇ ದಪ್ಪಕ್ಕೆ ಸುತ್ತಿದಳು.

ಮರುದಿನ ಕೋವಿ ಜೋಡಿಸಿ, ಸ್ಕ್ರೂ ಬಿಗಿ ಮಾಡಿ ಅಂಗಳಕ್ಕೆ ಬಂದೆ. ಎಡಗೈ ಮುಚ್ಚುವುದಕ್ಕೇ ಬರುವುದಿಲ್ಲ. ಬಟ್ಟೆ ಸುತ್ತಿದ ಅಂಗೈ ಮೇಲೆ ಕೋವಿಯನ್ನು ಸುಮ್ನೆ ಮಗುವಿನ ಹಾಗೆ ಮಲಗಿಸಿ ಹೊಡೆದೆ. ಐದು ಗುಂಡು. ಹಾಳೆಯ ಹತ್ತಿರ ಹೋಗಿ ನೋಡಿದರೆ ಐದೂ ತೂತು ಒಂದು ಗೋಟಡಿಕೆಯ ಅಡಿಗೆ ಅಡಗುವಷ್ಟು ಹತ್ತಿರ!

ಆಮೇಲೆ ಓದಿ ತಿಳಿದುಕೊಂಡೆ. ಸ್ಪ್ರಿಂಗ್ ಏರ್‌ಗನ್ ಬೇಟೆ ರೈಫಲ್ಲಿನ ಹಾಗಲ್ಲ. ಟ್ರಿಗರ್ ಎಳೆದ ಕೂಡಲೇ ಒಳಗಿನ ಪಿಸ್ಟನ್ ಮುಂದಕ್ಕೆ ಜಿಗಿಯುತ್ತದೆ, ಗುಂಡು ಹೊರಗೆ ಬರುವ ಮೊದಲೇ ಕೋವಿ ಹಿಂದೆ ಮುಂದೆ ಅದುರುತ್ತದೆ. ಆ ಅದುರುವಿಕೆ ಪ್ರತಿ ಸಲ ಒಂದೇ ಥರ ಇರಬೇಕು. ಬಿಗಿ ಹಿಡಿದರೆ ಪ್ರತಿ ಸಲ ಬೇರೆ. ಹಿಡಿಯಬಾರದು, ಆನಿಸಿಕೊಳ್ಳಬೇಕು ಅಷ್ಟೆ. ನಾನೋ, ಇಷ್ಟು ದಿನ ಅಡಿಕೆ ಮರ ಹತ್ತುವವನ ಹಾಗೆ ತಬ್ಬಿಕೊಂಡಿದ್ದೆ.

ಹಾಳೆಯ ಫೋಟೋ ಕಂಡು ಭಾವನಿಗೆ ಸಂತೋಷವೋ ಸಂತೋಷ. "ನೋಡಿದಿರಾ, ಬೆಡ್ಡಿಂಗ್ ಮಹಿಮೆ!" ಅಂದರು. ಉಳಿಯ ವಿಷಯ ನಾನು ಹೇಳಲಿಲ್ಲ.

ಈಗ ತಗಡು ಠಣ್ ಅನ್ನುತ್ತದೆ. ಮೊದಲ ವಾರ ಮಂಗಗಳು ಓಡಿದವು. ಈಗ ಠಣ್ ಅಂದರೆ ಒಮ್ಮೆ ತಿರುಗಿ ನೋಡಿ ಬೊಂಡ ಕುಡಿಯುವುದನ್ನು ಮುಂದುವರಿಸುತ್ತವೆ. ಕೈಯ ಊತ ಇಳಿದು ಮೂರು ವಾರವಾಯಿತು. "ಆ ಬಟ್ಟೆ ಯಾವಾಗ ಬಿಚ್ಚುತ್ತೀರಿ?" ಅಂತ ಹೆಂಡತಿ ದಿನಾ ಕೇಳುತ್ತಾಳೆ. ಇನ್ನೂ ಸ್ವಲ್ಪ ನೋವಿದೆ ಅಂತ ಹೇಳಿಕೊಂಡು ಬಂದಿದ್ದೇನೆ.