ಬಿಟ್ಟಿ ಬೆಳಕು

ನಾಣ್ಯ ಹಾಕಿದ್ದು ನಾನು. ನೋಡಿದ್ದು ಊರ ಜನವೆಲ್ಲ. ನೋಡಲಿ, ಬೇಡ ಅನ್ನಲಿಲ್ಲ. ಆದರೆ ನನ್ನನ್ನೇ ಪಕ್ಕಕ್ಕೆ ಸರಿಸಿ ನೋಡೋದಾ? ರೋಮಿನಿಂದ ಬಂದು ಬಟ್ಟೆಯೆಲ್ಲ ಒಗೆದು, ಒಣಗಿಸಿ, ಮಡಚಿಟ್ಟಿದ್ದಾಯಿತು. ಈ ಸಿಟ್ಟು ಮಾತ್ರ ಇನ್ನೂ ಒಣಗಿಲ್ಲ.

ರೋಮಿನಲ್ಲಿ ಕಾಸಿಲ್ಲದೆ ಕಲೆ ನೋಡಬೇಕಾದರೆ ಚರ್ಚಿಗೆ ಹೋಗಿ ಅಂತ ಹೋಗಿಬಂದವರೆಲ್ಲ ಹೇಳುತ್ತಾರೆ. ನಿಜವೇ. ಬೇರೆ ಕಡೆಯಾದರೆ ಟಿಕೆಟ್ ಹರಿದು, ಬ್ಯಾಗು ತಡಕಾಡಿ, ಹಗ್ಗ ಕಟ್ಟಿ ತೋರಿಸುವಂಥ ಚಿತ್ರಗಳು ಇಲ್ಲಿ ಗೋಡೆಯ ಮೇಲೆ ಸುಮ್ನೆ ಇರುತ್ತವೆ. ಮೈಕೆಲೆಂಜೆಲೊ ಕೆತ್ತಿದ ಬೈಬಲ್ಲಿನ ಪ್ರವಾದಿ ಮೋಶೆ ತಲೆಯ ಮೇಲೆ ಎರಡು ಕೊಂಬು ಇಟ್ಟುಕೊಂಡು ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನಲ್ಲಿ ಕೂತಿದ್ದಾನೆ. ಅವನನ್ನು ನೋಡಲು ಟಿಕೆಟ್ ಇಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಇದ್ದರೆ ಸಾಕು.

ಆದರೆ ಒಳಗೆ ಕತ್ತಲು. ಮರ್ಮ ಇರುವುದೇ ಅಲ್ಲಿ. ಹೆಸರುವಾಸಿ ಚಿತ್ರ ಇರುವ ಕಡೆ ಪಕ್ಕದಲ್ಲೇ ಒಂದು ಪುಟ್ಟ ಡಬ್ಬಿ ಇರುತ್ತದೆ. ನಾಣ್ಯ ಹಾಕಿದರೆ ಟಕ್ ಅಂತ ದೀಪ ಹತ್ತುತ್ತದೆ. ಕಣ್ಣು ಹೊಂದಿಕೊಂಡು, ಯಾರು ಯೇಸು, ಯಾರು ಪೇತ್ರ ಅಂತ ಗೊತ್ತುಮಾಡಿಕೊಳ್ಳುವಷ್ಟರಲ್ಲಿ ಟಕ್ ಅಂತ ಆರಿಹೋಗುತ್ತದೆ. ನೋಡುವುದಕ್ಕೆ ಕಾಸಿಲ್ಲ, ಕಾಣಿಸುವುದಕ್ಕೆ ಕಾಸು.

ಈ ವ್ಯವಸ್ಥೆಯನ್ನು ಮೊದಲ ದಿನವೇ ಅರೆದು ಕುಡಿದವರು ನಮ್ಮ ಭಾವ. ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಇಟಲಿಯ ಸರ್ಕಾರಿ ಮ್ಯೂಸಿಯಂಗಳು ತಿಂಗಳ ಮೊದಲ ಭಾನುವಾರ ಬಿಟ್ಟಿ, ವ್ಯಾಟಿಕನ್ ಮ್ಯೂಸಿಯಂ ಕೊನೆಯ ಭಾನುವಾರ ಬಿಟ್ಟಿ ಅನ್ನುವುದನ್ನು ಅವರು ಏಕಾದಶಿ ಯಾವತ್ತು ಅಂತ ಹೇಳುವಷ್ಟೇ ಸಲೀಸಾಗಿ ಹೇಳುತ್ತಾರೆ. ನಾವು ಹೋದ ವಾರದಲ್ಲಿ ಎರಡೂ ಬೀಳಲಿಲ್ಲ. ಆ ಕೊರಗನ್ನೆಲ್ಲ ಅವರು ತೀರಿಸಿಕೊಂಡಿದ್ದು ಈ ಡಬ್ಬಿಗಳ ಮೇಲೆ.

ಅವರದ್ದೊಂದು ಪದ್ಧತಿ ಇದೆ. ಡಬ್ಬಿಯ ಹತ್ತಿರ ಸುಳಿಯಲೇಬಾರದು. ಹತ್ತಿರ ಇದ್ದವರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಚಿತ್ರ ಚೆನ್ನಾಗಿ ಕಾಣುವ ಜಾಗ ಹಿಡಿದು, ಕೈಕಟ್ಟಿ, ಭಕ್ತಿಯಿಂದ ತಲೆ ತಗ್ಗಿಸಿ ನಿಲ್ಲಬೇಕು. ಕಣ್ಣು ಮಾತ್ರ ಬಾಗಿಲ ಕಡೆ. ಹುಡುಗ ಹುಡುಗಿ ಜೋಡಿ ಬಂತೋ, ದೀಪ ಬಂದ ಹಾಗೆ. ಹುಡುಗಿಯ ಎದುರು ಯಾವ ಹುಡುಗ ಕತ್ತಲಲ್ಲಿ ನಿಲ್ಲುತ್ತಾನೆ? ವಯಸ್ಸಾದ ದಂಪತಿ ಆದರೆ ಹೆಂಗಸಿನ ಪರ್ಸು ನೋಡಬೇಕು. ಸ್ಕೂಲ್ ಮಕ್ಕಳ ಗುಂಪು ಬಂದರೆ ಆಸೆ ಬಿಡಬೇಕು. ‘ತಾಳಪ್ಪ, ಯಾರಾದರೂ ಪುಣ್ಯಾತ್ಮರು ಬರ್ತಾರೆ’ ಅಂತ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಬರುತ್ತಲೂ ಇದ್ದರು! ಅದೇ ನನಗೆ ಹೊಟ್ಟೆ ಉರಿ.

ಇನ್ನು ಸಾನ್ ಲುಯಿಜಿ ದೇಯ್ ಫ್ರಾಂಚೇಜಿ ಚರ್ಚಿನ ಕಥೆ. ಎಡಗಡೆಯ ಕೊನೆಯ ಕಿರುಮಂಟಪದಲ್ಲಿ ಇಟಲಿಯ ಚಿತ್ರಕಾರ ಕರವಾಜ್ಜೊ ಬರೆದ ಮೂರು ಚಿತ್ರಗಳಿವೆ. ಮೂರೂ ಸಂತ ಮತ್ತಾಯನವು. 1600ರ ಆಸುಪಾಸಿನಿಂದ ಅಲ್ಲೇ ಇವೆ. ನಾವು ಹೋದಾಗ ಅದರ ಮುಂದೆ ದೊಡ್ಡ ಗುಂಪು, ಗವ್ವೆನ್ನುವ ಕತ್ತಲು. ಯಾರೂ ಅಲ್ಲಾಡುತ್ತಿಲ್ಲ, ಯಾರೂ ಮಾತಾಡುತ್ತಿಲ್ಲ. ಎಲ್ಲರೂ ಕೈಕಟ್ಟಿ, ಭಕ್ತಿಯಿಂದ ತಲೆ ತಗ್ಗಿಸಿ ನಿಂತಿದ್ದಾರೆ. ನನಗೆ ಆಗ ಹೊಳೆಯಿತು. ಇವರೆಲ್ಲ ನಮ್ಮ ಭಾವನ ಶಿಷ್ಯರೇ! ಜಪಾನಿನವರಂತೆ ಕಂಡವರೊಬ್ಬರು ಭಾವನನ್ನು ಓರೆಗಣ್ಣಲ್ಲಿ ನೋಡಿದರು. ಭಾವ ಅವರನ್ನು ನೋಡಿದರು. ಇಬ್ಬರೂ ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡು ಮತ್ತೆ ತಲೆ ತಗ್ಗಿಸಿದರು. ಹಿಂದೆ ಒಬ್ಬರು ಕೆಮ್ಮಿದರು. ಯಾರದೋ ಜೇಬಿನಲ್ಲಿ ಚಿಲ್ಲರೆ ಝಣ್ ಅಂದಿತು. ಇಡೀ ಗುಂಪಿನ ಕಿವಿ ಆ ಕಡೆ ತಿರುಗಿತು. ಆತ ಜೇಬಿಂದ ತೆಗೆದದ್ದು ಬೀಗದ ಕೈ.

ಅಕ್ಕನಿಗೆ ಕಾಲು ನೋವು. ಚರ್ಚುಗಳಲ್ಲಿ ಬಹಳಷ್ಟು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಆ ಹೊತ್ತು ಹತ್ತಿರ ಬರುತ್ತಿತ್ತು. ‘ರೀ, ಹಾಕಿಬಿಡಿ ಅತ್ಲಾಗೆ’ ಅಂದಳು. ಭಾವ ಕೇಳಿಸಿಕೊಳ್ಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಗುಂಪು ಸೀಳಿಕೊಂಡು ಹೋಗಿ ಡಬ್ಬಿಗೆ ಒಂದು ಯೂರೋ ಹಾಕಿದೆ.

ಟಕ್.

ಅಷ್ಟೂ ಜನ ಒಟ್ಟಿಗೆ ಫೋನ್ ಎತ್ತಿದರು. ಡಬ್ಬಿಯ ಹತ್ತಿರ ಇದ್ದ ನಾನು ಎಲ್ಲರ ಫೋಟೋಗೂ ಅಡ್ಡ. ಒಬ್ಬಾಕೆ ನಗುನಗುತ್ತಲೇ ನನ್ನ ಮೊಣಕೈ ಹಿಡಿದು ಬದಿಗೆ ಸರಿಸಿದಳು. ಅಲ್ಲಿ ಇನ್ನೊಬ್ಬ ‘ಸ್ಕೂಸಿ’ ಅಂತ ಇನ್ನಷ್ಟು ಹಿಂದಕ್ಕೆ ತಳ್ಳಿದ. ನನ್ನ ಕಣ್ಣ ಮುಂದೆ ಬಂದು ನಿಂತದ್ದು ಒಂದು ನೀಲಿ ಬೆನ್ನುಚೀಲ. ಅದರ ಬದಿಯ ಜೇಬಲ್ಲಿ ಅರ್ಧ ಖಾಲಿಯಾದ ನೀರಿನ ಬಾಟಲಿ, ಒಂದು ಮಡಿಸಿದ ಛತ್ರಿ, ವಿಮಾನದವರು ಅಂಟಿಸಿದ್ದ ಚೀಟಿ. ಎಷ್ಟು ಚೆನ್ನಾಗಿ ಬೆಳಕು ಬಿದ್ದಿತ್ತು ಅಂತೀರಿ! ಚೀಟಿಯ ಮೇಲಿನ ಅಕ್ಷರಗಳನ್ನೂ ಓದಬಹುದಿತ್ತು.

ಟಕ್. ಕತ್ತಲು.

ಭಾವ ಹತ್ತಿರ ಬಂದರು, ಮುಖದಲ್ಲಿ ಪರಮ ತೃಪ್ತಿ. ‘ಆಹಾ, ನೋಡಿದೆಯಾ? ಎಡಗಡೆ ಚಿತ್ರದಲ್ಲಿ ಮೇಜಿನ ತುದಿಗೆ ಒಬ್ಬ ಹುಡುಗ ಕೂತಿದ್ದಾನೆ. ಯೇಸು ಬಂದು ಕೈ ತೋರಿಸಿ ಕರೀತಾ ಇದ್ದರೂ ತಲೆ ಎತ್ತದೆ ಕಾಸು ಎಣಿಸ್ತಾ ಇದ್ದಾನೆ. ಪಕ್ಕದಲ್ಲಿ ಒಬ್ಬ ಮುದುಕ, ಕನ್ನಡಕ ಹಿಡ್ಕೊಂಡು ಆ ಕಾಸನ್ನೇ ನೋಡ್ತಾ ಇದ್ದಾನೆ. ಎಂಥ ಏಕಾಗ್ರತೆ!’ ಅಂದರು. ಮತ್ತಾಯ ಸಂತನಾಗುವ ಮೊದಲು ಸುಂಕ ವಸೂಲಿ ಮಾಡುತ್ತಿದ್ದವನು. ಆ ಮೇಜಿನ ಲೆಕ್ಕ ಭಾವನಿಗೆ ಚೆನ್ನಾಗಿ ಅರ್ಥವಾಗಿತ್ತು. ಕನ್ನಡಕದ ಮುದುಕನನ್ನು ಅಷ್ಟೊಂದು ಮೆಚ್ಚಿದ್ದು ಯಾಕೆ ಅಂತ ನಾನು ಕೇಳಲಿಲ್ಲ. ಅಕ್ಕ ನನ್ನ ಕಡೆ ನೋಡಿ ಸುಮ್ಮನಾದಳು.

ಗುಂಪು ಕರಗಿತು. ಮತ್ತೆ ನಾಣ್ಯ ಹಾಕುವ ಮನಸ್ಸಿರಲಿಲ್ಲ, ಹೊರಡುವ ಮನಸ್ಸೂ ಇರಲಿಲ್ಲ. ಕತ್ತಲಲ್ಲೇ ನಿಂತೆ. ಪೀಠದ ಮೇಲುಗಡೆ ಒಂದು ಕಿಟಕಿ ಇದೆ. ಅದರಿಂದ ಮಂಕು ಬೆಳಕು ಇಳಿಯುತ್ತದೆ. ಚಿತ್ರದೊಳಗಿನ ಬೆಳಕೂ ಆ ಬಲಗಡೆಯಿಂದಲೇ, ಯೇಸುವಿನ ತಲೆಯ ಮೇಲಿಂದ ಮೇಜಿನವರ ಮುಖಕ್ಕೆ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಕಣ್ಣು ಪಳಗಿತು. ಮೊದಲು ಒಂದು ಕೈ ಕಾಣಿಸಿತು. ಆಮೇಲೆ ಒಬ್ಬ ಹುಡುಗನ ಟೋಪಿಯ ಬಿಳಿ ಗರಿ. ಗಡ್ಡದವನ ಬೆರಳು. ಚಿತ್ರ ತಾನಾಗಿ ಒಂದೊಂದೇ ಮುಖ ಕೊಡುತ್ತಾ ಬಂತು. ಆಗಿನವರಿಗೆ ಮೇಣದಬತ್ತಿಯೂ ಈ ಕಿಟಕಿಯೂ ಬಿಟ್ಟರೆ ಏನಿತ್ತು? ಅವರು ಹೀಗೇ ನಿಧಾನಕ್ಕೆ ನೋಡಿರಬೇಕು. ದಿನವೂ ಬರುವವರಿಗೆ ಒಂದೇ ದಿನಕ್ಕೆ ಎಲ್ಲ ಕಾಣಲೇಬೇಕು ಅಂತಲೂ ಇರಲಿಲ್ಲ, ಅಲ್ವಾ? ಪಕ್ಕದ ಬೀದಿಯಲ್ಲಿ ಮನೆ ಇದ್ದಿದ್ದರೆ ಅಂತ ಒಂದು ಕ್ಷಣ ಅನ್ನಿಸಿತು. ಮಾರ್ಕೆಟ್ಟಿಗೆ ಹೋಗುವಾಗ ಒಳಗೆ ಬಂದು ಒಂದು ಮುಖ ನೋಡಿ ಹೋಗಬಹುದಿತ್ತು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮ ನಾಣ್ಯ ಹಾಕಿದ. ಟಕ್. ಕಣ್ಣು ಕುಕ್ಕಿತು.

ಹತ್ತಿರದಲ್ಲೇ ಇರುವ ಸಾಂತ್ ಅಗೊಸ್ತೀನೊ ಚರ್ಚಿನಲ್ಲಿ ಕರವಾಜ್ಜೊನದೇ ಇನ್ನೊಂದು ಚಿತ್ರ. ಮಾತೆ ಮೇರಿಯ ಮುಂದೆ ಇಬ್ಬರು ಯಾತ್ರಿಕರು ಮಂಡಿಯೂರಿದ್ದಾರೆ. ಗಂಡಸಿನ ಬರಿಗಾಲು ನಮ್ಮ ಕಡೆಗೇ ಇದೆ, ಪಾದದ ತುಂಬ ಮಣ್ಣು. ಅಕ್ಕ ಅದನ್ನು ನೋಡಿ, ಹತ್ತಿರದ ಬೆಂಚಿನ ಮೇಲೆ ಕೂತು ಶೂ ಬಿಚ್ಚಿದಳು. ‘ಇವನೂ ಬಸ್ಸಿಗೆ ದುಡ್ಡು ಕೊಡದವನ ಜೊತೆ ಬಂದಿರಬೇಕು’ ಅಂದಳು.

ಇನ್ನೊಂದು ಚರ್ಚಿನಲ್ಲಿ, ಹೆಸರು ಬೇಡ, ಡಬ್ಬಿ ನನ್ನ ನಾಣ್ಯ ನುಂಗಿ ಸುಮ್ಮನಾಯಿತು. ತಟ್ಟಿದೆ, ಗುದ್ದಿದೆ. ಅಲ್ಲಿದ್ದ ಅಜ್ಜಿಯೊಬ್ಬರು ಜಪ ನಿಲ್ಲಿಸಿ ನನ್ನನ್ನು ದಿಟ್ಟಿಸಿದರು. ಭಾವ ಏನೂ ಅನ್ನಲಿಲ್ಲ. ಅನ್ನಬಹುದಿತ್ತು. ಅವರು ಅನ್ನದೇ ಇದ್ದದ್ದೇ ಜಾಸ್ತಿ ಚುಚ್ಚಿತು.

ಹಳೆಯ ರೋಮನ್ ದೇಗುಲ ಪ್ಯಾಂಥಿಯನ್ ಮುಂದೆ ಮಾತ್ರ ಅವರ ಮುಖ ಬಾಡಿತು. 2023ರ ಜುಲೈವರೆಗೆ ಅದಕ್ಕೆ ಟಿಕೆಟ್ ಇರಲಿಲ್ಲ. ಆಮೇಲೆ ಐದು ಯೂರೋ ಮಾಡಿದರು. ‘ಚಿತ್ರಕಾರ ರಾಫೆಲ್ ಸಮಾಧಿ ಒಳಗಿದೆಯಂತೆ ಭಾವ’ ಅಂದೆ. ‘ಇರಲಿ ಬಿಡು, ಪಾಪ, ಮಲಗಿರ್ತಾರೆ’ ಅಂದು ಮುಂದೆ ನಡೆದರು.

ಕೊನೆಗೆ ಪಿಯಾಟ್ಸಾ ನವೋನಾ ಅನ್ನುವ ಚೌಕ. ಬಯಲು, ಬಿಸಿಲು, ಡಬ್ಬಿಯಿಲ್ಲ. ನಡುವೆ ಶಿಲ್ಪಿ ಬೆರ್ನೀನಿಯ ನಾಲ್ಕು ನದಿಗಳ ಕಾರಂಜಿ, 1651ರದು. ಒಂದೊಂದು ಖಂಡಕ್ಕೆ ಒಂದೊಂದು ನದಿ. ಏಷ್ಯಾಕ್ಕೆ ನಮ್ಮ ಗಂಗೆ! ಅಕ್ಕ ಖುಷಿಯಿಂದ ಓಡಿಹೋಗಿ ನೋಡಿದರೆ, ಉದ್ದ ಗಡ್ಡದ ಗಟ್ಟಿಮುಟ್ಟಾದ ಗಂಡಸು, ಕೈಯಲ್ಲಿ ಹುಟ್ಟು ಹಿಡಿದು ಕೂತಿದ್ದಾನೆ. ‘ಗಂಗಮ್ಮನಿಗೆ ಗಡ್ಡವಾ?’ ಅಂತ ಅಕ್ಕ ಬಾಯಿಮೇಲೆ ಕೈಯಿಟ್ಟಳು.

ಭಾವ ಗಂಗೆಯ ಹತ್ತಿರ ಹೆಚ್ಚು ನಿಲ್ಲಲಿಲ್ಲ. ಕಾರಂಜಿ ಸುತ್ತಿ ದಕ್ಷಿಣ ಅಮೆರಿಕದ ಪ್ಲಾಟಾ ನದಿಯ ಮುಂದೆ ನಿಂತರು. ಆ ಖಂಡದ ಸಿರಿಯನ್ನು ತೋರಿಸಲು ಅವನ ಪಕ್ಕ ರಾಶಿ ನಾಣ್ಯ ಕೆತ್ತಿದ್ದಾರೆ, ಕಲ್ಲಿನಲ್ಲಿ. ಭಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

‘ಇಷ್ಟೊಂದು ಇಟ್ಕೊಂಡು ಕೂತಿದ್ದಾನಲ್ಲ’ ಅಂದರು, ‘ಹೋಗಿ ಒಂದು ಹಾಕಬಾರದಿತ್ತಾ?’