ಗುಂಡು ಹೊಡೆಯಬಹುದು, ತಗುಲಬಾರದು

ಕೇರಳ ವಿಧಾನಸಭೆಯ ಧೈರ್ಯ ದೊಡ್ಡದು. ಕೇಂದ್ರದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಮ್ಮದೇ ಒಂದು ತಿದ್ದುಪಡಿ ಬರೆದು, 2025ರ ಅಕ್ಟೋಬರ್ 8ರಂದು ಪಾಸು ಮಾಡಿಯೇಬಿಟ್ಟರು. ಊರೊಳಗೆ ಬಂದು ಜನರ ಮೇಲೆರಗುವ ಪ್ರಾಣಿಯನ್ನು ಕಲೆಕ್ಟರರ ವರದಿ ಬಂದ ಕೂಡಲೇ ಕೊಲ್ಲಿಸಬಹುದಂತೆ. ಹಂದಿಯಂಥವನ್ನು ಉಪದ್ರವಿ ಎಂದು ಸಾರುವ ಅಧಿಕಾರ ರಾಜ್ಯದ್ದಂತೆ. ಮಂಗನನ್ನು ಕಾಯ್ದೆಯ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಾದ ಶೆಡ್ಯೂಲ್ ಒಂದರಿಂದ ಎರಡಕ್ಕೆ ಇಳಿಸುತ್ತಾರಂತೆ. ಇಷ್ಟೂ ಅಂತೆಗಳ ಬಾಲಕ್ಕೆ ಒಂದು ‘ಆದರೆ’ ಕಟ್ಟಿದೆ: ರಾಷ್ಟ್ರಪತಿಗಳ ಅಂಕಿತ ಬೀಳಬೇಕು. ಹುಲಿ ಅಲ್ಲಿಯವರೆಗೆ ನಿಶ್ಚಿಂತೆಯಿಂದ ಇರಬಹುದು. 2026ರ ಚುನಾವಣೆಯಂತೂ ಅಂಕಿತಕ್ಕೆ ಕಾಯುವಂಥದ್ದಲ್ಲ.

ತಮಾಷೆ ಎಂದರೆ, ಮನುಷ್ಯರ ಪ್ರಾಣಕ್ಕೆ ಅಪಾಯವಾದ ಪ್ರಾಣಿಯನ್ನು ಕೊಲ್ಲಿಸುವ ಅಧಿಕಾರ ರಾಜ್ಯದ ಚೀಫ್ ವೈಲ್ಡ್‌ಲೈಫ್ ವಾರ್ಡನ್ನರಿಗೆ ಹಳೇ ಕಾಯ್ದೆಯ ಸೆಕ್ಷನ್ 11ರಲ್ಲೇ ಇದೆ. ಇದೆಯಲ್ಲ, ಬಳಸಿ ಎಂದು ಕೇಂದ್ರ ಹೇಳುತ್ತದೆ. ಬಳಸೋಣವೆಂದರೆ ನಿಮ್ಮ ಮಾರ್ಗಸೂಚಿಗಳು ಕೈ ಕಟ್ಟಿವೆಯಲ್ಲ ಎಂದು ಕೇರಳ ಹೇಳುತ್ತದೆ. ಇಬ್ಬರು ಹೇಳುವುದೂ ನಿಜ. ಸುಳ್ಳು ಹೇಳದೆಯೇ ವರ್ಷಗಟ್ಟಲೆ ಏನೂ ಮಾಡದಿರುವುದು ಎಲ್ಲರಿಂದ ಆಗುವ ಕೆಲಸವಲ್ಲ, ಅದಕ್ಕೆ ಒಕ್ಕೂಟ ವ್ಯವಸ್ಥೆಯೇ ಬೇಕು.

ಹಂದಿಯ ವಿಷಯದಲ್ಲಿ ಕೇರಳ ನಮಗಿಂತ ಬಹಳ ಮುಂದಿದೆ. 2022ರಿಂದ ಅಲ್ಲಿ ಪಂಚಾಯ್ತಿ ಅಧ್ಯಕ್ಷರೇ ಹಂದಿ ಹೊಡೆಯಲು ಅಪ್ಪಣೆ ಕೊಡಬಹುದು. ಚರಂಡಿ, ಬೀದಿದೀಪ, ಹಂದಿ. ಅಪ್ಪಣೆಯ ಜೊತೆಗೆ ಷರತ್ತುಗಳೂ ಬರುತ್ತವೆ. ವಿಷ ಹಾಕಬಾರದು, ಕರೆಂಟು ಕೊಡಬಾರದು, ಸಿಡಿಮದ್ದು ಇಡಬಾರದು. ಒಪ್ಪೋಣ, ಇವೆಲ್ಲ ನ್ಯಾಯವೇ. ಇವುಗಳ ನಡುವೆ ಗಬ್ಬದ ಹಂದಿಯನ್ನು ಕೊಲ್ಲಬಾರದು ಎಂದೂ ಒಂದಿದೆ, ಕೇರಳದವರು ಹೆಚ್ಚು ಗೋಳಾಡುವುದು ಇದಕ್ಕೇ. ಅಮಾವಾಸ್ಯೆ ರಾತ್ರಿ, ಮರಗೆಣಸಿನ ಗದ್ದೆ, ಹಣೆಗೆ ಕಟ್ಟಿದ ಟಾರ್ಚು, ಹತ್ತು ಮಾರು ದೂರದಲ್ಲಿ ಮಣ್ಣು ಮೆತ್ತಿದ ಹತ್ತು ಹಂದಿ. ಈಡುಗಾರ ಮೊದಲು ಬಸಿರು ವಿಚಾರಿಸಬೇಕು. ಆಶಾ ಕಾರ್ಯಕರ್ತೆಯರಿಗೆ ಸದ್ಯ ಈ ಕೆಲಸ ವಹಿಸಿಲ್ಲ, ವಹಿಸಿದರೆ ಆಶ್ಚರ್ಯಪಡಬೇಡಿ.

ಹೊಡೆದ ಹಂದಿಯನ್ನು ತಿನ್ನುವಂತಿಲ್ಲ, ಹೂಳಬೇಕು. ತಿನ್ನಲು ಬಿಟ್ಟರೆ ಈ ಸಮಸ್ಯೆ ಬೇಗ ಮುಗಿದೀತು ಎಂಬರ್ಥದ ಮಾತನ್ನು ಅಲ್ಲಿನ ಕೃಷಿ ಸಚಿವ ಪಿ. ಪ್ರಸಾದ್ ಆಡಿದರು. ಇಡೀ ಚರ್ಚೆಯಲ್ಲಿ ನನಗೆ ಅರ್ಥವಾದ ಮಾತು ಇದೊಂದೇ. ಮಲೆನಾಡಿನಲ್ಲಿ ಈ ಮಾತನ್ನು ಯಾವ ಸಚಿವರೂ ಮೈಕಿನ ಮುಂದೆ ಆಡುವುದಿಲ್ಲ. ನೆಂಟರ ಮನೆಯ ಊಟದ ಎಲೆ ಮುಂದೆ ಕೂತಾಗ ಆಡುತ್ತಾರೋ ಇಲ್ಲವೋ ನಾನು ಹೇಳಲಾರೆ.

ಕೋವಿಯ ವಿಚಾರ ಬಂತು, ಹೇಳಿಬಿಡುತ್ತೇನೆ. ನಮ್ಮ ಕಡೆ ಅಡಿಕೆ ತೋಟ ಇರುವ ಬಹುತೇಕ ಮನೆಗಳಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ ಒಂದು ಒಂಟಿ ನಳಿಗೆ ಕೋವಿ ಇರುತ್ತದೆ. ಬೆಳೆ ಕಾಯಲೆಂದು ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. ಅದೇ ಕೋವಿಯಿಂದ ಬೆಳೆ ತಿನ್ನುವ ಹಂದಿಯನ್ನು ಅಪ್ಪಣೆಯಿಲ್ಲದೆ ಕೊಂದರೆ ಅದೇ ಸರ್ಕಾರ ಕೇಸು ಹಾಕುತ್ತದೆ. ಹಾಗಾದರೆ ಕೋವಿ ಏತಕ್ಕೆ? ಸದ್ದಿಗೆ. ಗುಂಡು ಹೊಡೆಯಬಹುದು, ತಗುಲಬಾರದು. ಪಕ್ಕದ ತೋಟದ ಗೌಡರು ಇದನ್ನು ಬಹಳ ಶ್ರದ್ಧೆಯಿಂದ ಪಾಲಿಸುತ್ತಾರೆ. ಅವರಿಗೆ ಕಣ್ಣಿನ ಪೊರೆ ಬಂದಿದೆ.

ಸದ್ದಿಗೂ ರಜೆ ಉಂಟು. ಚುನಾವಣೆ ಘೋಷಣೆಯಾಯಿತೋ, ಕೋವಿಯನ್ನು ಠಾಣೆಗೆ ಜಮಾ ಮಾಡಬೇಕು. ಲೋಕಸಭೆ, ವಿಧಾನಸಭೆ, ಜಿಲ್ಲಾ ಪಂಚಾಯ್ತಿ, ಗ್ರಾಮ ಪಂಚಾಯ್ತಿ, ನಮ್ಮ ಪ್ರಜಾಪ್ರಭುತ್ವಕ್ಕೆ ಪುರುಸೊತ್ತೇ ಇಲ್ಲ. ಠಾಣೆಯ ಮೂಲೆಯಲ್ಲಿ ಕೋವಿಗಳನ್ನು ಸೌದೆಯ ಹಾಗೆ ಒರಗಿಸಿಟ್ಟಿರುತ್ತಾರೆ. ಒಂದೊಂದರ ಹಿಡಿಗೂ ಸೆಣಬಿನ ದಾರದಲ್ಲಿ ರಟ್ಟಿನ ಚೀಟಿ, ಚೀಟಿಯಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಹೆಸರು, ಮಳೆಗಾಲದ ತೇವಕ್ಕೆ ಆ ಹೆಸರೂ ಕದಡಿರುತ್ತದೆ. ಕಳೆದ ಸಲ ಗೌಡರು ಬಿಡಿಸಿಕೊಂಡು ಬಂದಾಗ ನಳಿಗೆಯೊಳಗೆ ಕಣಜ ಗೂಡು ಕಟ್ಟಿತ್ತು. ‘ಅಲ್ಲ ಮಾರಾಯ್ರೇ, ಓಟು ಹಾಕುವವ ನಾನು, ಗೆಲ್ಲುವವ ಅವ. ಗನ್‌ಮ್ಯಾನ್ ಅವನಿಗೆ, ಜಮಾ ನನ್ನದು. ಇದು ಯಾವ ಲೆಕ್ಕ?’ ಎಂದರು. ಮಂಗಗಳಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ ಎಂಬ ಲೆಕ್ಕ ಎಂದೆ. ಆ ಸೀಸನ್ನಿನಲ್ಲಿ ಅವರ ಎಳನೀರು ಮರ ಇಳಿಯುವ ಮೊದಲೇ ಖಾಲಿಯಾಗಿತ್ತು.

ಮಂಗಣ್ಣನೇನು ಸಾಮಾನ್ಯನೇ? 2022ರ ತಿದ್ದುಪಡಿಯಲ್ಲಿ ನಮ್ಮ ಮಾಮೂಲಿ ಕೋತಿ ಶೆಡ್ಯೂಲ್ ಒಂದಕ್ಕೆ ಬಡ್ತಿ ಪಡೆದಿದೆ. ಹುಲಿ, ಆನೆ ಕೂತ ಪಂಕ್ತಿಯಲ್ಲೇ ಅದಕ್ಕೂ ಎಲೆ. ನಮ್ಮೂರ ಪೇಟೆಯಲ್ಲಿ ಬಾಳೆಹಣ್ಣಿನ ಗೊನೆ ಕಸಿದುಕೊಂಡು ಹೋಗುವಾಗ ಅದರ ನಡಿಗೆಯಲ್ಲಿ ಈಗ ಒಂದು ಗತ್ತು ಕಾಣುತ್ತದೆ.

ಹುಲಿಯ ಕಡೆ ಬರೋಣ. ಹುಲಿ ಊರಿಗೆ ಬಂದರೆ ಏನು ಮಾಡಬೇಕೆಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಬರೆದಿಟ್ಟಿದೆ. ಸಮಿತಿ ರಚಿಸಬೇಕು. ಅದರಲ್ಲಿ ಪ್ರಾಧಿಕಾರದವರು, ಪಶುವೈದ್ಯರು, ಸ್ವಯಂಸೇವಾ ಸಂಸ್ಥೆಯವರು, ಪಂಚಾಯ್ತಿಯವರು ಇರಬೇಕು. ಕ್ಯಾಮೆರಾ ಕಟ್ಟಿ, ಪಟ್ಟೆ ಹೋಲಿಸಿ, ಇದು ಯಾವ ಹುಲಿ ಎಂದು ಗುರುತಿಸಬೇಕು. ಆಕಸ್ಮಿಕವಾಗಿ ಮನುಷ್ಯನನ್ನು ಕೊಂದಿತೋ, ಅದನ್ನೇ ರೂಢಿ ಮಾಡಿಕೊಂಡಿದೆಯೋ ನಿರ್ಧರಿಸಬೇಕು. ಓದಿದರೆ ಒಂದು ಸಾಲೂ ತಪ್ಪಿಲ್ಲ. ಯಾವುದೋ ಹುಲಿ ಮಾಡಿದ್ದಕ್ಕೆ ಇನ್ನಾವುದನ್ನೋ ಕೊಲ್ಲಬಾರದಲ್ಲ. ಆದರೆ ಈ ಎಲ್ಲ ಕೆಲಸ ಮಾಡಬೇಕಾದ ಗಾರ್ಡು ಗುತ್ತಿಗೆ ನೌಕರ, ಅವನ ಕೈಯಲ್ಲಿ ದೊಣ್ಣೆ, ಜೀಪಿಗೆ ಡೀಸೆಲ್ ಬಿಲ್ಲು ಬಾಕಿ.

ಅದಕ್ಕೇ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದವರು 2025ರ ಸೆಪ್ಟೆಂಬರ್‌ನಲ್ಲಿ ಹೊಸ ವಿಧಾನ ಕಂಡುಹಿಡಿದರು. ಹುಲಿಗೆಂದು ಇಟ್ಟ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ವಿಡಿಯೊ ಎಲ್ಲರೂ ನೋಡಿದ್ದೀರಿ. ಕಬ್ಬಿಣದ ಸರಳಿನ ಹಿಂದೆ ಖಾಕಿ ಅಂಗಿ, ಹೊರಗೆ ಮೊಬೈಲು ಹಿಡಿದ ಊರು. ನಕ್ಕದ್ದು ಹೌದು, ನಾನೂ ನಕ್ಕೆ. ಆದರೆ ಒಳಗಿದ್ದವರ ಮುಖ ಹತ್ತಿರದಿಂದ ನೋಡಿ. ಬೋನಿಗೆ ಬೀಳಬೇಕಾದವರು ಅವರಲ್ಲ. ಆ ಬೋನಿನ ಅಳತೆಯ ಯಾರೂ ಬೆಂಗಳೂರಿನಿಂದ ಅವತ್ತು ಬಂದಿರಲಿಲ್ಲ, ಅಷ್ಟೇ.

ಮುಂದೆ ನವೆಂಬರ್‌ನಲ್ಲಿ ಸರಗೂರು ಕಡೆ ರೈತರು ಹುಲಿಗೆ ಬಲಿಯಾದ ಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿ, ಅಲ್ಲಿನ ಸಿಬ್ಬಂದಿಯನ್ನು ಹುಲಿ ಹುಡುಕಲು ಹಚ್ಚಿದರು. ಒಳ್ಳೆಯದೇ. ಅಂದರೆ ಅಲ್ಲಿಯವರೆಗೆ ಹುಲಿ ಎಲ್ಲಿದೆಯೆಂದು ಚೆನ್ನಾಗಿ ಬಲ್ಲವರು ಅದನ್ನು ವಾರಾಂತ್ಯದ ಅತಿಥಿಗಳಿಗೆ ತೋರಿಸುತ್ತಿದ್ದರು.

ಕಾಡಿಗೆ ರಾಜ್ಯದ ಗಡಿ ಗೊತ್ತಿಲ್ಲ ಎಂದು ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಕಾಲರ್ ಐಡಿಗೆ ಮಾತ್ರ ಗೊತ್ತಿದೆ. ಹಾಸನದ ಬೇಲೂರು ಕಡೆ ಹಿಡಿದು, ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ, ಬಂಡೀಪುರದ ಕಾಡಿಗೆ ಬಿಟ್ಟ ಮಖ್ನಾ (ದಂತವಿಲ್ಲದ ಗಂಡು) ಆನೆ 2024ರ ಫೆಬ್ರುವರಿಯಲ್ಲಿ ವಯನಾಡಿಗೆ ನಡೆದು ಹೋಯಿತು. ಮಾನಂದವಾಡಿಯಲ್ಲಿ ಮನೆಯಂಗಳಕ್ಕೇ ನುಗ್ಗಿ ಒಬ್ಬರನ್ನು ಕೊಂದಿತು. ಪಟ್ಟಿಯ ಸಿಗ್ನಲ್ಲು ಕೊಡಲಿಲ್ಲ ಎಂದು ಅವರು, ಕೊಟ್ಟಿದ್ದೇವೆ ಎಂದು ಇವರು. ಕರ್ನಾಟಕ 15 ಲಕ್ಷ ಪರಿಹಾರ ಘೋಷಿಸಿತು. ವಯನಾಡಿನ ಆಗಿನ ಸಂಸದ ರಾಹುಲ್ ಗಾಂಧಿಯವರನ್ನು ಮೆಚ್ಚಿಸಲು ಕನ್ನಡಿಗರ ತೆರಿಗೆ ಹಣ ಕೊಟ್ಟಿರೆಂದು ಇಲ್ಲಿನ ವಿರೋಧ ಪಕ್ಷ ಎದ್ದಿತು. ಕೊನೆಗೆ ಆ ಮನೆಯವರೇ ನಿಮ್ಮ ಹಣ ಬೇಡವೆಂದರು. ಅಪ್ಪನನ್ನು ಕಳೆದುಕೊಂಡ ಮಕ್ಕಳಿರುವ ಮನೆ ಅದು. ಹೆಣ ಮಣ್ಣಾಗುವ ಮೊದಲು ಅದು ಯಾವ ಪಕ್ಷದ್ದೆಂದು ಕೇಳುವ ನಿಮ್ಮ ನಾಲಿಗೆಗೆ ಏನಾಗಿದೆ? ಇದರಲ್ಲಿ ವಿಡಂಬನೆ ಮಾಡಲು ನನಗೇನೂ ಉಳಿದಿಲ್ಲ.

ಅದೇ ತಿಂಗಳು ಕೇರಳ ಸಭೆ ಕಾಯ್ದೆ ತಿದ್ದಿ ಎಂದು ಕೇಂದ್ರಕ್ಕೆ ಒಮ್ಮತದ ನಿರ್ಣಯ ಕಳಿಸಿತು. ಅದು ಅಲ್ಲಿ ಕೂತಿತು, ಆಮೇಲೆ ಮಸೂದೆ ಬಂತು. ಪ್ರಾಣಿಗಳ ಕುರಿತ ಕೇಂದ್ರದ ಕಾಯ್ದೆಗೆ ರಾಜ್ಯ ತಿದ್ದುಪಡಿ ತಂದು ಅಂಕಿತ ಪಡೆಯುವುದು ಅಸಾಧ್ಯವೇನಲ್ಲ. ಕಂಬಳಕ್ಕಾಗಿ ನಾವೇ ತಂದಿಲ್ಲವೇ? 2017ರಲ್ಲಿ ಬೀದಿಗಿಳಿದೆವು, 2018ರಲ್ಲಿ ಅಂಕಿತ ಬಿತ್ತು. ಕೋಣ ಓಡಿಸುವವರು ಒಟ್ಟಾಗಿ ಬಂದರು. ಹಂದಿ ಓಡಿಸುವವರಿಗೆ ರಾತ್ರಿ ಪಾಳಿ, ಹಗಲು ನಿದ್ದೆ.

ನಮ್ಮ ಶಾಸಕರೂ ಇಂಥದೊಂದು ಮಸೂದೆ ತರಲಿ ಎಂದು ಗೌಡರ ಆಸೆ. ನನಗೆ ಭಯ. ಇವರು ಹಿಂದೊಮ್ಮೆ ತಲೆ ಓಡಿಸಿದ್ದು ನೆನಪಿದೆ. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಮಲೆನಾಡಿನ ಮಂಗಗಳನ್ನೆಲ್ಲ ಹಿಡಿದು ಶರಾವತಿ ಹಿನ್ನೀರಿನ ನಡುಗಡ್ಡೆಗೆ ಬಿಡುವ ಮಂಕಿ ಪಾರ್ಕ್ ಘೋಷಣೆಯಾಗಿತ್ತು. ಅದೇ ನೀರಿನಡಿ ಮನೆ, ಗದ್ದೆ, ದೇವಸ್ಥಾನ ಬಿಟ್ಟುಬಂದವರು ಲಿಂಗನಮಕ್ಕಿ ಅಣೆಕಟ್ಟು ಎದ್ದ 1964ರಿಂದಲೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅಜ್ಜ ಹಾಕಿದ ಅರ್ಜಿಯ ನಕಲು ಹಿಡಿದು ಈಗ ಮೊಮ್ಮಗ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತುತ್ತಾನೆ. ಪುನರ್ವಸತಿಗೆ ಮೊದಲು ನಡುಗಡ್ಡೆ ತೋರಿಸಿದ್ದು ಮಂಗಗಳಿಗೆ. ಅವು ಅರ್ಜಿಯನ್ನೇ ಹಾಕಿರಲಿಲ್ಲ.