ಇರಲಾರದೆ ಮೀನು ಬಿಟ್ಟುಕೊಂಡ ಕತೆ

ಇರಲಾರದವನು ಇರುವೆ ಬಿಟ್ಟುಕೊಂಡ ಅಂತಾರಲ್ಲ, ಆ ಗಾದೆ ಕಟ್ಟಿದವರ ಹಿತ್ತಲಲ್ಲಿ ಮೀನಿನ ಕೊಳ ಇದ್ದಿರಲಾರದು. ಇದ್ದಿದ್ದರೆ ಇರುವೆ ಹುಡುಕಿಕೊಂಡು ಹೋಗುವ ಅಗತ್ಯವೇ ಬೀಳುತ್ತಿರಲಿಲ್ಲ.

ನಮ್ಮದು ದೊಡ್ಡ ಕೊಳವೇನಲ್ಲ. 10 ಅಡಿ ಉದ್ದ, 6 ಅಡಿ ಅಗಲ, ಎರಡೂವರೆ ಅಡಿ ಆಳ. ಸುಮಾರು 4,000 ಲೀಟರ್ ನೀರು, ಎರಡು ಕುಂಡ ನೈದಿಲೆ, ಸದಾ ಗೊರ್ ಅನ್ನುವ ಒಂದು ಪಂಪು, ಆರು ಗೋಲ್ಡ್ ಫಿಶ್. ಚೆನ್ನಾಗಿಯೇ ಇತ್ತು. ಸುಮ್ನೆ ಇರಬಹುದಿತ್ತು. ಆದರೆ ನೈದಿಲೆ ಎಲೆಗಳ ಸಂದಿಯಲ್ಲಿ ಸೊಳ್ಳೆ ಮರಿಗಳು ತಲೆಕೆಳಗಾಗಿ ನೇತಾಡುತ್ತಿರುವುದನ್ನು ಒಂದು ದಿನ ಹೆಂಡತಿ ನೋಡಿಬಿಟ್ಟಳು. ಗೋಲ್ಡ್ ಫಿಶ್ ಕೂಡ ಸೊಳ್ಳೆ ಮರಿ ತಿನ್ನುತ್ತದೆ, ಇಲ್ಲ ಅಂತಲ್ಲ. ಆದರೆ ನಮ್ಮ ಮಗಳು ಅವಕ್ಕೆ ದಿನಕ್ಕೆ ಮೂರು ಸಲ ಕಾಳು ಹಾಕುತ್ತಿದ್ದಳು. ಇದ್ದಲ್ಲಿಗೇ ಊಟ ಬರುವಾಗ ಸಂದಿಗೊಂದಿಗೆ ನುಗ್ಗಿ ದುಡಿಯುವವರು ಯಾರು?

ಅದಕ್ಕೆ ಗಪ್ಪಿ ಅನ್ನುವ ಪುಟ್ಟ ಮೀನು ತಂದೆ. ನಾಲ್ಕೇ ನಾಲ್ಕು. ಎರಡು ಗಂಡು, ಎರಡು ಹೆಣ್ಣು. ಹದಿನೈದು ದಿನದಲ್ಲಿ ಸೊಳ್ಳೆ ಮರಿ ಮಾಯ. ನಾನು ಮೀಸೆ ತಿರುವಿಕೊಂಡೆ.

ಗಪ್ಪಿ ಮೊಟ್ಟೆ ಇಡುವುದಿಲ್ಲ, ನೇರ ಮರಿಯನ್ನೇ ಹಾಕುತ್ತದೆ. ಹೆಚ್ಚುಕಮ್ಮಿ ತಿಂಗಳಿಗೊಂದು ಸಲ, ಸಲಕ್ಕೆ 20ರಿಂದ 50. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಸಂಸಾರ ಹೂಡುತ್ತವೆ. ನಾಲ್ಕನೇ ತಿಂಗಳಿಗೆ ನಮ್ಮ ಕೊಳದಲ್ಲಿ ನೀರು ಕಡಿಮೆ, ಗಪ್ಪಿ ಜಾಸ್ತಿ. ಕೈ ಅದ್ದಿದರೆ ಬೆರಳ ಸಂದಿಯಲ್ಲೆಲ್ಲ ಗಪ್ಪಿ. ಕುಟುಂಬ ಯೋಜನೆ ಮಾಡೋಣ ಅಂತ ಒಂದು ಭಾನುವಾರವಿಡೀ ಬಲೆ ಹಿಡಿದು ಕೂತು, ಬಣ್ಣದ ಬಾಲದ ಗಂಡುಗಳನ್ನೆಲ್ಲ ಒಂದೊಂದಾಗಿ ಹಿಡಿದು ಬಕೆಟ್ಟಿಗೆ ವರ್ಗ ಮಾಡಿದೆ. ಮುಂದಿನ ತಿಂಗಳು ಮತ್ತೆ ಮರಿ. ಹೆಣ್ಣು ಗಪ್ಪಿ ಒಂದು ಸಲ ಗಂಡಿನ ಸಂಗ ಮಾಡಿದರೆ ವೀರ್ಯವನ್ನು ಹೊಟ್ಟೆಯಲ್ಲೇ ತಿಂಗಳುಗಟ್ಟಲೆ ಕಾಪಿಟ್ಟುಕೊಂಡು, ಬೇಕೆಂದಾಗೆಲ್ಲ ಬಳಸಿಕೊಳ್ಳುತ್ತದಂತೆ. ಇದು ಗೊತ್ತಾಗುವ ಹೊತ್ತಿಗೆ ನನ್ನ ಸೊಂಟ ಹಿಡಿದುಕೊಂಡಿತ್ತು.

ಆಗ ನನ್ನ ಗೆಳೆಯ ಬಂದು ಕೊಳ ನೋಡಿ ಹೇಳಿದ, "ಒಂದು ಆಸ್ಕರ್ ಮೀನು ಬಿಡು ಮಾರಾಯ. ಎಷ್ಟು ಬೇಕೋ ಅಷ್ಟು ತಿಂದುಕೊಂಡು ಲೆಕ್ಕ ಸರಿಯಾಗಿ ಇಡುತ್ತೆ. ನನ್ನ ಹತ್ರ ಒಂದಿದೆ, ಕೊಡ್ತೀನಿ."

ಅದೇ ಸಂಜೆ ತಂದೂ ಕೊಟ್ಟ. ಮುಚ್ಚಳ ಹಾಕಿದ ಬಕೆಟ್ಟಿನಲ್ಲಿ ಮೀನು, ಜೊತೆಗೆ ಅದರ ಊಟದ ಡಬ್ಬಿ, ಒಂದು ಬಲೆ. ಬಕೆಟ್ ಕೂಡ ನೀವೇ ಇಟ್ಕೊಳ್ಳಿ ಅಂದ. ಅಷ್ಟು ಧಾರಾಳವಾಗಿ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು, ಅಲ್ವಾ? ಅವನ ಮನೆಯ ಗಾಜಿನ ತೊಟ್ಟಿಯಲ್ಲಿ ಈ ಒಂದು ಮೀನು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ ಅಂತ ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದ್ದು ಆಮೇಲೆ. ತಂದಾಗ ಅದು ಎರಡು ಇಂಚು ಇತ್ತಂತೆ, ಅಂಗೈಯಲ್ಲಿ ಹಿಡಿಸುವಂಥ ಮುದ್ದು ಮರಿ. ಆಸ್ಕರ್ ಮರಿ ನೋಡಿ ಸೋಲದವರಿಲ್ಲ. ಅದು ಅಮೆಜಾನ್ ಕಡೆಯ ಮೀನು, ಒಂದು ಅಡಿ ಬೆಳೆಯುತ್ತದೆ ಅನ್ನುವುದನ್ನು ಆ ಮುದ್ದು ಮುಖ ಹೇಳುವುದಿಲ್ಲ.

ನಮ್ಮಲ್ಲಿಗೆ ಬಂದಾಗ ಅದು ಒಂದು ಗೇಣು ಇತ್ತು. ಕಪ್ಪು ಮೈ, ಅದರ ಮೇಲೆ ಕೆಂಡ ಚೆಲ್ಲಿದ ಹಾಗೆ ಕಿತ್ತಳೆ ಬಣ್ಣ, ಬಾಲದ ಬುಡದಲ್ಲಿ ಕಣ್ಣಿನಂಥ ಒಂದು ದುಂಡು ಚುಕ್ಕೆ. ಕಚ್ಚಲು ಬರುವವರಿಗೆ ತಲೆ ಯಾವ ಕಡೆ ಅಂತ ಗೊತ್ತಾಗಬಾರದೆಂದು ಈ ಏರ್ಪಾಡು ಅಂತಾರೆ. ಗೊತ್ತಾಗದೇ ಇದ್ದಿದ್ದು ನನಗೆ.

ಮೊದಲ ದಿನ ನೈದಿಲೆ ಕುಂಡದ ಹಿಂದೆ ಅವಿತು ಕೂತಿತು. ಪಾಪ, ಹೊಸ ಜಾಗ ಅಂದುಕೊಂಡೆ. ಎರಡನೇ ದಿನ ಬೆಳಿಗ್ಗೆ ಕೊಳದ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಆಸ್ಕರ್ ಅಟ್ಟಿಸಿಕೊಂಡು ಹೋಗುವ ಜಾತಿಯಲ್ಲ. ಉದುರಿದ ಎಲೆಯ ಹಾಗೆ ತೇಲಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ ಗಪ್ಪಿ ಗುಂಪಿನ ಹತ್ತಿರ ಬಂತು. ಒಂದು ಕಣ್ಣು ಮಾತ್ರ ತಿರುಗಿತು. ಆಮೇಲೆ ಬಾಯಿ ಒಂದೇ ಸಲ ಕೊಳವೆಯ ಹಾಗೆ ಮುಂದಕ್ಕೆ ಚಾಚಿ, ಟಪ್. ಅಷ್ಟೇ. ನೀರಿನ ಜೊತೆ ಗಪ್ಪಿ ಒಳಗೆ, ಕಿವಿರಿನಿಂದ ನೀರು ಹೊರಗೆ. ಕಚ್ಚಿದ್ದೂ ಇಲ್ಲ, ಅಗಿದದ್ದೂ ಇಲ್ಲ. ಪಕ್ಕದಲ್ಲಿದ್ದ ಗಪ್ಪಿಗಳಿಗೆ ಜೊತೆಗಾರ ಎಲ್ಲಿ ಹೋದ ಅನ್ನುವುದೇ ತಿಳಿಯಲಿಲ್ಲ. ನಾನು ಹೆಂಡತಿಯನ್ನು ಕೂಗಿ ಕರೆದು, "ನೋಡಿದೆಯಾ, ಎಷ್ಟು ಶಿಸ್ತು!" ಅಂದೆ.

ಮೂರು ವಾರದಲ್ಲಿ ಗಪ್ಪಿ ಮುಗಿಯಿತು. ಕಡಿಮೆ ಆಯಿತು ಅಲ್ಲ, ಮುಗಿಯಿತು. ಇಷ್ಟು ತಿನ್ನು, ಇಷ್ಟು ಬಿಡು ಅಂತ ಅದಕ್ಕೆ ಚೀಟಿ ಬರೆದುಕೊಟ್ಟವರು ಯಾರು? ಬೇಟೆ ಆಡುವ ಮೀನಿಗೆ ಇರುವುದು ಒಂದೇ ನಿಯಮ: ಬಾಯಿಗೆ ಹಿಡಿಸಿದ್ದು ಊಟ, ಹಿಡಿಸದ್ದು ನೆಂಟ. ಆರು ಗೋಲ್ಡ್ ಫಿಶ್‌ಗಳಲ್ಲಿ ದೊಡ್ಡವು ಎರಡು ನೆಂಟರಾದವು. ಉಳಿದ ನಾಲ್ಕರಲ್ಲಿ ಮೊದಲು ಹೋದದ್ದು ಗುಂಡ. ಗುಂಡ ಅಂದರೆ ಮಗಳ ಜೀವ. ಉರುಟು ಹೊಟ್ಟೆ, ಸೀರೆ ಸೆರಗಿನಂಥ ಬಾಲ, ಈಜುವುದಕ್ಕಿಂತ ಹೊರಳುವುದೇ ಹೆಚ್ಚು. ಇಂಥ ಅಲಂಕಾರದ ಮೀನುಗಳನ್ನು ನಾವು ಚಂದಕ್ಕೆ ಅಂತಲೇ ಬೆಳೆಸಿದ್ದೇವೆ, ಓಡುವುದಕ್ಕಲ್ಲ. ಒಂದು ಮಧ್ಯಾಹ್ನ ಮಗಳು, "ಅಪ್ಪಾ, ಆಸ್ಕರ್‌ಗೆ ನಾಲಿಗೆ ಬಂದಿದೆ!" ಅಂತ ಓಡಿಬಂದಳು. ಹೋಗಿ ನೋಡಿದರೆ ಬಾಯಿಯ ಹೊರಗೆ ಕಿತ್ತಳೆ ಬಣ್ಣದ್ದೇನೋ ಅಲ್ಲಾಡುತ್ತಿದೆ. ಅದು ನಾಲಿಗೆಯಲ್ಲ, ಗುಂಡನ ಸೆರಗು. ಹೊಟ್ಟೆ ಉರುಟಾಗಿದ್ದರಿಂದ ಇಳಿಯಲು ಹೊತ್ತು ಹಿಡಿಯಿತು. ಆ ಹತ್ತು ನಿಮಿಷ ನಾನು ಮಗಳಿಗೆ ಏನೇನು ಹೇಳಿದೆನೋ, ಈಗ ಬರೆಯಲು ನಾಚಿಕೆ.

ಆ ರಾತ್ರಿ ನಿದ್ದೆ ಬರದೆ ಓದುತ್ತಾ ಕೂತಾಗ ಸ್ವಲ್ಪ ಸಮಾಧಾನ ಸಿಕ್ಕಿತು. ಆಫ್ರಿಕಾದ ವಿಕ್ಟೋರಿಯಾ ಸರೋವರ ಇದೆಯಲ್ಲ, 68,000 ಚದರ ಕಿಲೋಮೀಟರ್‌ಗೂ ದೊಡ್ಡದು, ಅದಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಅನ್ನುವ ಮೀನು ಬಿಟ್ಟರು. ಆಳೆತ್ತರ ಬೆಳೆಯುವ ಮೀನು ಅದು. ಹಿಡಿದು ಮಾರುವುದಕ್ಕೆ ಒಳ್ಳೆಯದು ಅನ್ನುವುದು ಲೆಕ್ಕ. ಮೀನು ಚೆನ್ನಾಗಿಯೇ ಬೆಳೆಯಿತು, ಮಾರಾಟವೂ ಆಯಿತು, ಆದರೆ ಬೇರೆಲ್ಲೂ ಇಲ್ಲದ ಸುಮಾರು 200 ಜಾತಿಯ ಸಣ್ಣ ಮೀನುಗಳು ಅಲ್ಲಿಂದ ಕಾಣೆಯಾದವು ಅಂತ ತಿಳಿದವರ ಅಂದಾಜು. ಹೆಂಡತಿಯನ್ನು ಎಬ್ಬಿಸಿ ಇದನ್ನು ಓದಿ ಹೇಳಿದೆ. "ಅವರು ಸರೋವರ ಹಾಳು ಮಾಡಿದ್ರು, ನೀವು ಹಿತ್ತಲು. ಮಲ್ಕೊಳ್ಳಿ" ಅಂದಳು.

ಮರುದಿನ ಆಸ್ಕರನ್ನು ಹಿಡಿಯುವ ತೀರ್ಮಾನ ಆಯಿತು. ಕಾಳು ತೋರಿಸಿದರೆ ಅದು ನಾಯಿಮರಿಯ ಹಾಗೆ ಬರುತ್ತದೆ, ಬೆರಳ ತುದಿಯಿಂದಲೇ ತಿನ್ನುತ್ತದೆ. ಅದೇ ಕೈಯಲ್ಲಿ ಬಲೆ ಕಂಡರೆ ಕುಂಡದ ಹಿಂದೆ. ಬಲೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹೋದರೂ ನನ್ನ ಮುಖ ನೋಡಿಯೇ ಕಂಡುಹಿಡಿಯುತ್ತಿತ್ತು. ಕೊನೆಗೆ ಪಂಪು ಹಚ್ಚಿ ಅರ್ಧ ನೀರು ಖಾಲಿ ಮಾಡಿ, ಪ್ಯಾಂಟು ಮಡಚಿ ನಾನೇ ಇಳಿದೆ. ತಳದ ಪಾಚಿಯ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ. ಎರಡನೇ ಹೆಜ್ಜೆಗೆ ಕಾಲು ಜಾರಿ ಕುಂಡದ ಮೇಲೆ ಕೂತೆ, ಕುಂಡ ಒಡೆಯಿತು, ನೀರು ಕೆಸರಾಯಿತು, ಇನ್ನು ಯಾರಿಗೂ ಯಾರೂ ಕಾಣಿಸುವಂತಿರಲಿಲ್ಲ. ಮೀನು ನನ್ನ ಮೊಣಕಾಲಿಗೆ ಒಂದು ಸಲ ಗುದ್ದಿದ್ದು ಮಾತ್ರ ನಿಜ. ಬೇಕಂತಲೇ ಗುದ್ದಿತು ಅಂತ ನಾನು, ಹೆದರಿ ಗುದ್ದಿರಬೇಕು ಅಂತ ಹೆಂಡತಿ.

ಹೊಸ ನೀರು ತುಂಬಿಸಿ, ಕೆಸರು ಇಳಿದ ಮೇಲೆ ನೋಡಿದರೆ ಆಸ್ಕರ್ ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದುಕೊಂಡಿದೆ. ಅಲ್ಲಾಡುತ್ತಿಲ್ಲ. ಗುಂಡನಿಗಾಗಿ ಅತ್ತಿದ್ದ ಮಗಳು ಈಗ ಗುಂಡನನ್ನು ತಿಂದವನಿಗಾಗಿ ಅತ್ತಳು. ನನಗೂ ಕರುಳು ಚುರ್ ಅಂತು. ಗೆಳೆಯನಿಗೆ ಫೋನ್ ಮಾಡಿದೆ. "ಸತ್ತಿಲ್ಲ, ಸಿಟ್ಟು ಮಾಡಿಕೊಂಡಿದೆ ಅಷ್ಟೇ. ನೀರು ಬದಲಾಯಿಸಿದರೆ ಆಸ್ಕರ್ ಹೀಗೇ ಮಲಗಿಬಿಡುತ್ತೆ" ಅಂದ. ಸಂಜೆಗೆ ಎದ್ದು ಬಂದು ಕಟ್ಟೆಯ ಹತ್ತಿರ ಬಾಯಿ ತೆರೆದು ನಿಂತಿತು. ಮಗಳು ಕಾಳು ಹಾಕಿದಳು, ಹೆಂಡತಿ ಇನ್ನೊಂದು ಹಿಡಿ ಹಾಕಿದಳು.

ಕೆರೆಗೆ ಬಿಟ್ಟು ಬರೋಣವೇ ಅಂತಲೂ ಒಮ್ಮೆ ಯೋಚಿಸಿದೆ. ಅಮೆರಿಕದ ಫ್ಲಾರಿಡಾದಲ್ಲಿ ಹೊರಗಿನಿಂದ ಬಂದ ಇದೇ ಮೀನು ಕಾಲುವೆ, ಜೌಗುಗಳಲ್ಲೆಲ್ಲ ಸಂಸಾರ ಹೂಡಿ ಕೂತಿದೆ. ನನ್ನ ಬೇನೆಯನ್ನು ಇಡೀ ಕೆರೆಗೆ ಹಚ್ಚುವುದು ಬೇಡ ಅನಿಸಿತು.

ಹಾಗಾಗಿ ಆಸ್ಕರ್ ನಮ್ಮಲ್ಲೇ ಇದೆ. ಉಳಿದ ಒಂದು ನೈದಿಲೆಯನ್ನೂ ಬೇರು ಸಮೇತ ಕಿತ್ತು ತೇಲಿಸಿದೆ, ತಳದ ಕಲ್ಲುಗಳನ್ನು ಬಾಯಲ್ಲಿ ಹೊತ್ತು ತನಗೆ ಬೇಕಾದ ಕಡೆ ಜೋಡಿಸಿಕೊಂಡಿದೆ. ಗೇಣುದ್ದದ ಮೀನಿಗೆ ಸೊಳ್ಳೆ ಮರಿ ಅಂದರೆ ಧೂಳು, ಅದು ತಿರುಗಿಯೂ ನೋಡುವುದಿಲ್ಲ. ತೇಲುವ ಎಲೆಗಳ ಸಂದಿಯಲ್ಲಿ ಅವು ಮತ್ತೆ ತಲೆಕೆಳಗಾಗಿ ನೇತಾಡತೊಡಗಿವೆ. ಸಂಜೆ ಆಸ್ಕರ್‌ಗೆ ಕಾಳು ಹಾಕುವಾಗ ನನ್ನ ಕಾಲಿಗೆ ಸೊಳ್ಳೆ ಕಚ್ಚುತ್ತದೆ.

ಬಕೆಟ್ಟಿಗೆ ವರ್ಗವಾಗಿದ್ದ ಗಂಡು ಗಪ್ಪಿಗಳು ನಿಮಗೆ ನೆನಪಿರಬೇಕು. ನಾನು ಮರೆತಿದ್ದೆ. ಅವುಗಳಲ್ಲಿ ಒಂದೆರಡು ಗಂಡೇ ಆಗಿರಲಿಲ್ಲವಂತೆ. ಈಗ ಅವು ಬಕೆಟ್ ಸಾಲದೆ ದೊಡ್ಡ ಟಬ್ಬಿಗೆ ಬಂದಿವೆ, ನಿನ್ನೆ ಎಣಿಸಿದಾಗ 63. ಟಬ್ಬು ಕೊಳದ ಪಕ್ಕದಲ್ಲೇ ಇದೆ. ನಾನು ಟಬ್ ನೋಡಿದೆ. ಕಟ್ಟೆಯ ಹತ್ತಿರ ನಿಂತಿದ್ದ ಆಸ್ಕರ್ ನನ್ನನ್ನು ನೋಡಿತು. ಮಗಳು ಟಬ್ಬಿನ ಮೇಲೆ ಮುಚ್ಚಳ ಎಳೆದು, ಅದರ ಮೇಲೆ ತಾನೇ ಹತ್ತಿ ಕೂತಳು.